ಮೂರೂವರೆ ಮಹಡಿಯ ಒಂದು ನಿಮಿಷ

ನಮ್ಮ ಚಿಕ್ಕಪ್ಪ ಹೊಸ ಫೋನು ತಂದ ಸಂಜೆ ಮನೆಯಲ್ಲಿ ಯಾರೂ ಅಳಲಿಲ್ಲ. ಅಳು ಬಾಕಿ ಇತ್ತು ಎಂಬುದು ಆಮೇಲೆ ಗೊತ್ತಾಯಿತು.

ಚಿಕ್ಕಪ್ಪ ಏಳು ಮಹಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಾನೆ. ಅದು ಬಹಳ ಹಳೆಯ ಲಿಫ್ಟು. ಎಳೆದು ಮುಚ್ಚುವ ಜಾಲರಿ ಬಾಗಿಲು, ಕೂರಲು ಒಂದು ಸ್ಟೂಲು, ಗೋಡೆಯಲ್ಲಿ ಒಂದು ಹಿತ್ತಾಳೆಯ ಹಿಡಿ. ಹಿಡಿಯನ್ನು ಬಲಕ್ಕೆ ತಳ್ಳಿದರೆ ಮೇಲೆ, ಎಡಕ್ಕೆ ಎಳೆದರೆ ಕೆಳಗೆ. ನಡುವೆ ಬಿಟ್ಟರೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಈ ಕೊನೆಯ ಗುಣವನ್ನು ಓದುಗರು ದಯವಿಟ್ಟು ನೆನಪಿಡಬೇಕು, ಏಕೆಂದರೆ ಒಬ್ಬ ದೊಡ್ಡ ಮನುಷ್ಯರು ಸತ್ತದ್ದು ಅದರಿಂದಲೇ.

ಹನ್ನೊಂದು ವರ್ಷದಿಂದ ಚಿಕ್ಕಪ್ಪ ಹಂಗಾಮಿ ನೌಕರ. ಹನ್ನೊಂದು ವರ್ಷ ಬರೀ ಮೇಲೆ ಕೆಳಗೆ ಓಡಾಡಿ ಅವನಿಗೆ ಸಮತಟ್ಟು ನೆಲದ ಮೇಲೆ ದಾರಿ ತಪ್ಪುತ್ತದೆ. ಬೀದಿಯಲ್ಲಿ ಯಾರಾದರೂ ಅಂಚೆ ಕಚೇರಿ ಎಲ್ಲಿ ಎಂದರೆ ಮೊದಲು ಮೇಲೆ ನೋಡುತ್ತಾನೆ, ಆಮೇಲೆ ಕೆಳಗೆ ನೋಡುತ್ತಾನೆ, ಆಮೇಲೆ "ಗೊತ್ತಿಲ್ಲ ಸ್ವಾಮಿ" ಎನ್ನುತ್ತಾನೆ. ಅದೇ ಕಟ್ಟಡದ ಐದನೇ ಮಹಡಿಯಲ್ಲಿ ಲಕೋಟೆಗಳಿಗೆ ಅಂಚೆ ಚೀಟಿ ಅಂಟಿಸುವ ಕೆಲಸ ನನ್ನದು. ಆದ್ದರಿಂದ ಮುಂದೆ ನಡೆದದ್ದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಕಾಣದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫೋನು ಬಂದದ್ದು ಶೋಕಿಗಲ್ಲ. ಒಂದು ಸುತ್ತೋಲೆ ಬಂದಿತ್ತು. ಹಂಗಾಮಿ ನೌಕರರು ಮೂವತ್ತು ಕೆಲಸದ ದಿನ ಒಂದೂ ತಪ್ಪದ ಹಾಗೆ ಮೊಬೈಲಿನಲ್ಲಿ ಹಾಜರಿ ಹಾಕಿದರೆ ಖಾಯಂ ಆಗುತ್ತಾರೆ. ಹಾಜರಿ ಬೆಳಿಗ್ಗೆ ಹತ್ತರಿಂದ ಹತ್ತು ಗಂಟೆ ಐದು ನಿಮಿಷದೊಳಗೆ ಬೀಳಬೇಕು. ಮುಖದ ಹಿಂದೆ ಕೆಲಸದ ಜಾಗ ಕಾಣಬೇಕು. ಸ್ವಂತ ನಂಬರಿನ ಡೇಟಾದಿಂದಲೇ ಕಳಿಸಬೇಕು, ಪಕ್ಕದವರ ಫೋನಿನಿಂದ ಎರವಲು ಪಡೆದರೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ನಂಬರು ಬದಲಾಯಿಸುವಂತಿಲ್ಲ. ಒಂದು ದಿನ ತಪ್ಪಿದರೆ ಮುಂದಿನ ಅವಕಾಶ ಮುಂದಿನ ಸುತ್ತೋಲೆಯಲ್ಲಿ. ಹಿಂದಿನ ಸುತ್ತೋಲೆ ಬಂದಿದ್ದು ಒಂಬತ್ತು ವರ್ಷದ ಕೆಳಗೆ.

"ಅಣ್ಣಾ, ಇದರಲ್ಲಿ ಡೇಟಾ ಹೊಳೆ ಥರ ಹರಿಯುತ್ತೆ" ಎಂದು ಅಂಗಡಿಯವನು ಹೇಳಿದ್ದನಂತೆ. ಚಿಕ್ಕಪ್ಪ ಮನೆಗೆ ಬಂದು ಅದನ್ನು ಮಹಾನದಿ ಮಾಡಿದ. "ಇಡೀ ಬಿಲ್ಡಿಂಗಲ್ಲಿ ಇಂಥ ಫೋನು ಯಾರ ಹತ್ರಾನೂ ಇಲ್ಲ. ಸಾಹೇಬರ ಹತ್ರಾನೂ ಇಲ್ಲ. ಇಲ್ಲಿ ಒತ್ತಿದ್ರೆ ಪ್ರಪಂಚ."

ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಕನ್ನಡಕ ಏರಿಸಿ ನೋಡಿದಳು. "ಇದೇನೋ, ಬಳೆ ಥರ ಸುತ್ತುತಾ ಇದೆ?"

"ಬರ್ತಾ ಇದೆ ಅಂತ ಅರ್ಥ ಅಮ್ಮ."

"ಏನು ಬರ್ತಾ ಇದೆ?"

"ಎಲ್ಲಾ."

ಅಜ್ಜಿ ಮತ್ತೆ ಹುರುಳಿಕಾಯಿ ಹಿಡಿದಳು. ಕೈ ಆಡುತ್ತಿದ್ದಾಗ ಬಾಯಿ ಸುಮ್ಮನಿರುವ ಅಭ್ಯಾಸ ಅವಳಿಗಿಲ್ಲ, ನನಗೆ ಒಂದು ಕಥೆ ಶುರು ಮಾಡಿದಳು. ಕಾಯಿ ಮುಗಿಯಿತು, ಕಥೆಯೂ ಮುಗಿಯಿತು. ಆಮೇಲೆ ಮಗನ ಕಡೆ ತಿರುಗಿ, "ನೋಡಪ್ಪ, ನನ್ನ ರಾಜಕುಮಾರ ಏಳು ಕಾಡು ದಾಟಿ ಬಂದು ಮದುವೇನೂ ಆದ. ನಿಂದು ಇನ್ನೂ ಬರ್ತಾನೇ ಇದೆ" ಎಂದಳು.

ಮೊದಲನೇ ದಿನ ಚಿಕ್ಕಪ್ಪ ಒಂಬತ್ತು ಗಂಟೆಗೇ ಹೋಗಿ ಲಿಫ್ಟಿನಲ್ಲಿ ನಿಂತ. ನೆಲಮಹಡಿಯಲ್ಲಿ ಫೋನಿಗೆ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಒಂದನೇ ಮಹಡಿಯಲ್ಲಿ ಒಂದು ಗೆರೆ ಬಂದು ಇವನ ಮುಖ ನೋಡಿ ಹೊರಟುಹೋಯಿತು. ಕರೆಗೇನೂ ಅಡ್ಡಿಯಿಲ್ಲ, ಡೇಟಾ ಮಾತ್ರ ಇಲ್ಲ. ಕಂಪನಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

"ಸರ್, ತಾವೀಗ ಎಲ್ಲಿದ್ದೀರಿ?" ಎಂದಿತು ಒಂದು ಜೇನಿನಂಥ ದನಿ.

"ಲಿಫ್ಟಲ್ಲಿ."

"ದಯವಿಟ್ಟು ಲಿಫ್ಟಿನಿಂದ ಹೊರಗೆ ಬನ್ನಿ ಸರ್."

"ಹೊರಗೆ ಬಂದ್ರೆ ನಾನು ಕೆಲಸದಲ್ಲಿ ಇಲ್ಲ ಅಂತ ಆಗುತ್ತೆ ತಾಯಿ. ನಾನು ಲಿಫ್ಟಲ್ಲಿದ್ದೀನಿ ಅಂತ ತೋರಿಸೋಕೇ ಡೇಟಾ ಬೇಕಾಗಿರೋದು."

"ಹಾಗಾದರೆ ಲಿಫ್ಟನ್ನು ತೆರೆದ ಜಾಗಕ್ಕೆ ತನ್ನಿ ಸರ್."

"ಅದು ಕಟ್ಟಡದ ಹೊಟ್ಟೆಯೊಳಗೆ ಇದೆಯಮ್ಮ."

"ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಅಂಕ ಕೊಡುವ ಪುಟ ಕಳಿಸಿದ್ದೇವೆ."

ಆ ಪುಟವೂ ಸುತ್ತುತ್ತಿತ್ತು.

ಹತ್ತು ಗಂಟೆಗೆ ಮೂರು ನಿಮಿಷ ಬಾಕಿ ಇದ್ದಾಗ ಜನ ತುಂಬಿಕೊಂಡರು. ಚಿಕ್ಕಪ್ಪ ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಬೆವರುತ್ತ ಮೇಲೆ ಹೊರಟ. ಮೂರನೇ ಮಹಡಿ ದಾಟಿ ನಾಲ್ಕನೆಯದು ಬರುವ ಮೊದಲು ಫೋನಿನಲ್ಲಿ ಗೆರೆಗಳು ಮೆಟ್ಟಿಲಿನ ಹಾಗೆ ಏರಿ ನಿಂತವು. ಅಲ್ಲಿ ಲಿಫ್ಟಿನ ಗೂಡಿನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಒಂದು ಇಟ್ಟಿಗೆಯಷ್ಟು ಕಿಂಡಿ ಇದೆ. ಕಿಂಡಿಯಲ್ಲಿ ಒಂದು ಚೂರು ಆಕಾಶ, ಆ ಆಕಾಶದಲ್ಲಿ ದೂರದ ಒಂದು ಟವರಿನ ತುದಿ. ಆ ತೂತಿನಿಂದ ಡೇಟಾ ಬರುವುದನ್ನು ನೋಡಿದರೆ, ಸೆರೆಯಲ್ಲಿದ್ದ ರಾಣಿಗೆ ಪಾರಿವಾಳ ಓಲೆ ತಂದುಕೊಟ್ಟ ಅಜ್ಜಿಯ ಕಥೆ ನೆನಪಾಗುತ್ತಿತ್ತು.

ಚಿಕ್ಕಪ್ಪ ಹಿಡಿಯನ್ನು ನಡುವೆ ಬಿಟ್ಟ. ಲಿಫ್ಟ್ ಗಕ್ಕನೆ ನಿಂತಿತು.

"ಏನಾಯ್ತಪ್ಪ?" ಎಂದರು ಟೈಪಿಸ್ಟ್ ಮೇಡಂ. ಅವರು ನಾಲ್ಕನೇ ಮಹಡಿಯವರು. ಕಟ್ಟಡದ ಸುದ್ದಿಯೆಲ್ಲ ಅವರ ಬೆರಳಿನಿಂದಲೇ ಹೊರಡುತ್ತದೆ, ಕೆಲವು ಕಾಗದದ ಮೇಲೆ, ಉಳಿದವು ಹಾಗೇ.

ಸ್ವಂತ ಹಾಜರಿಗೋಸ್ಕರ ಜನರನ್ನು ನಡುಗಾಳಿಯಲ್ಲಿ ನಿಲ್ಲಿಸಿದ್ದೇನೆ ಎಂದರೆ ಖಾಯಂ ಆಗುವುದಿರಲಿ, ಹಂಗಾಮಿಯೂ ಉಳಿಯುವುದಿಲ್ಲ. ಚಿಕ್ಕಪ್ಪ ಗಂಟಲು ಸರಿ ಮಾಡಿಕೊಂಡ. "ಮೇಲಿಂದ ಆದೇಶ ಆಗಿದೆ ಮೇಡಂ. ಹತ್ತು ಗಂಟೆಗೆ ಒಂದು ನಿಮಿಷ ನಿಲ್ಲಿಸಬೇಕು."

"ಯಾಕೆ?"

"ನಾನು ಹೇಳೋ ಹಾಗಿಲ್ಲ."

ಹೇಳಿ, ಫೋನನ್ನು ಎದೆಯೆತ್ತರಕ್ಕೆ ಹಿಡಿದು, ನೆಟ್ಟಗೆ ನಿಂತ. ನಕ್ಕರೆ ಹಾಜರಿಯ ಆ್ಯಪು ಮುಖವನ್ನು ಒಪ್ಪುವುದಿಲ್ಲ, ಕಣ್ಣು ಮಿಟುಕಿಸಿದರೂ ಒಪ್ಪುವುದಿಲ್ಲ. ಹನ್ನೊಂದು ವರ್ಷದ ಕಷ್ಟವೆಲ್ಲ ಚಿಕ್ಕಪ್ಪನ ಮುಖಕ್ಕೆ ಬಂದು ನಿಂತಿತು. ಕಣ್ಣಂಚಿನಲ್ಲಿ ನೀರೂ ಇತ್ತು. ಟೈಪಿಸ್ಟ್ ಮೇಡಂ ಅವನ ಮುಖ ನೋಡಿದರು, ಸದ್ದಿಲ್ಲದ ಲಿಫ್ಟನ್ನು ನೋಡಿದರು, ನಿಧಾನವಾಗಿ ಕೈಚೀಲ ಕೆಳಗಿಟ್ಟು ತಲೆ ತಗ್ಗಿಸಿದರು. ಅವರನ್ನು ನೋಡಿ ಉಳಿದವರೂ ತಗ್ಗಿಸಿದರು. ಒಬ್ಬರು ಟೋಪಿ ತೆಗೆದರು.

ಫೋನಿನಲ್ಲಿ ಹಾಜರಿಯ ಹಸಿರು ಗುರುತು ಬಿತ್ತು. ಲಿಫ್ಟ್ ಮೇಲೆ ಹೋಯಿತು.

ವಾರ ಕಳೆಯುವುದರಲ್ಲಿ ಹತ್ತು ಗಂಟೆಯ ಲಿಫ್ಟಿಗೆ ನೂಕುನುಗ್ಗಲು. ಅದರಲ್ಲಿ ಬಂದವರಿಗೆ ತಡವಾದರೂ ಮೇಲಿನವರು ಬೈಯುವ ಹಾಗಿರಲಿಲ್ಲ, ಮೌನಾಚರಣೆಗೆ ಬೈಯುವುದು ಹೇಗೆ? ಆದರೆ ಯಾರಿಗಾಗಿ ಈ ಮೌನ ಎಂಬುದು ಯಾರಿಗೂ ತಿಳಿಯದು. ತಿಳಿಯದು ಎಂದು ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಒಂದು ಬೆಳಿಗ್ಗೆ ಲಿಫ್ಟಿನಲ್ಲೇ ಅದು ಇತ್ಯರ್ಥವಾಯಿತು. ಪಿಂಚಣಿ ಶಾಖೆಯ ಸೂಪರಿಂಟೆಂಡೆಂಟರು ದನಿ ತಗ್ಗಿಸಿ, "ಈ ಸಲ ನಮ್ಮ ಹಳೇ ನಿರ್ದೇಶಕರ ಜೀವಂತ ಪ್ರಮಾಣಪತ್ರ ಬಂದಿಲ್ಲ ಮೇಡಂ. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಕೊಡೋರು" ಎಂದರು.

ಟೈಪಿಸ್ಟ್ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಂದ್ರೆ ಅವರೇ. ಈ ಲಿಫ್ಟಲ್ಲೇ ತಾನೆ ಅವರು ಇಪ್ಪತ್ತು ವರ್ಷ ಓಡಾಡಿದ್ದು. ಅದಕ್ಕೇ ಇಲ್ಲೇ ಆದೇಶ ಮಾಡಿದ್ದಾರೆ." ಆಮೇಲೆ ಚಿಕ್ಕಪ್ಪನಿಗೆ, "ಏನಪ್ಪಾ, ಅವರೇ ಅಲ್ವಾ? ಹೇಳೋ ಹಾಗಿಲ್ಲ ಅಂದ್ರೆ ಹೇಳ್ಬೇಡ, ತಲೆ ಆಡಿಸು ಸಾಕು."

ಚಿಕ್ಕಪ್ಪನ ಫೋನಿನಲ್ಲಿ ಗೆರೆ ಬಂದು ಹೋಗಿ ಮಾಡುತ್ತಿತ್ತು. ಆ ಕ್ಷಣದಲ್ಲಿ ನೀನೇ ಸತ್ತಿದ್ದೀಯಾ ಎಂದು ಕೇಳಿದ್ದರೂ ಅವನು ತಲೆಯಾಡಿಸುತ್ತಿದ್ದ. ಆಡಿಸಿದ. ಅಷ್ಟು ಸಾಲದೆಂದು, "ಒಳ್ಳೇ ಮನುಷ್ಯ" ಎಂದೂ ಸೇರಿಸಿದ.

ಮಾರನೇ ದಿನ ಯಾರೋ ನಿರ್ದೇಶಕರ ಬೀಳ್ಕೊಡುಗೆಯ ಚಿತ್ರವನ್ನು ದೊಡ್ಡದು ಮಾಡಿಸಿ, ಕಪ್ಪು ರಿಬ್ಬನ್ ಕಟ್ಟಿ, ಲಿಫ್ಟಿನೊಳಗಿನ ಎದುರು ಗೋಡೆಗೆ ತೂಗುಹಾಕಿದರು. ನಗುವುದು ಅವರಿಗೂ ಆಗದ ಕೆಲಸವಾಗಿದ್ದರಿಂದ ಚಿತ್ರ ಬಹಳ ಗಂಭೀರವಾಗಿತ್ತು. ಇದೇ ನಿರ್ದೇಶಕರು ಇದ್ದಷ್ಟು ಕಾಲ ಚಿಕ್ಕಪ್ಪನ ಖಾಯಮಾತಿ ಫೈಲಿನ ಮೇಲೆ ವರ್ಷಕ್ಕೊಮ್ಮೆ "ಚರ್ಚಿಸಿ" ಎಂದು ಬರೆದು ಕಳಿಸಿದವರು. ಈಗ ಚಿಕ್ಕಪ್ಪ ದಿನವೂ ಅವರ ಎದುರು ನಿಂತು ಹಾಜರಿ ಕೊಡುವಂತಾಯಿತು.

ಇಪ್ಪತ್ತೊಂದನೇ ದಿನ ನನ್ನ ಮೇಜಿಗೆ ಒಂದು ಲಕೋಟೆ ಬಂತು. "ದಿವಂಗತ ನಿರ್ದೇಶಕರ ಕುಟುಂಬದವರಿಗೆ" ಎಂದಿತ್ತು. ಪಿಂಚಣಿ ನಿಲ್ಲಿಸಿರುವ ಪತ್ರ. ಅಂಚೆ ಚೀಟಿಯನ್ನು ನೀರಿಗೆ ಮುಟ್ಟಿಸಿ ಕೈಯಲ್ಲೇ ಹಿಡಿದು ಕೂತೆ, ಅದು ಒಣಗಿ ಬೆರಳಿಗೆ ಅಂಟಿಕೊಂಡಿತು. ಇಳಿದು ಹೋಗಿ ಚಿಕ್ಕಪ್ಪನನ್ನು ಹಿಡಿದೆ.

"ಬದುಕಿರೋರನ್ನ ಸಾಯಿಸ್ತಿದ್ದೀಯಲ್ಲ ಚಿಕ್ಕಪ್ಪ."

"ನಾನೆಲ್ಲಿ ಸಾಯಿಸ್ದೆ? ನಾನು ಸುಮ್ಮನೆ ನಿಂತಿದ್ದೆ. ತಲೆ ತಗ್ಗಿಸಿದ್ದು ಅವರು."

"ಹೋಗಿ ನಿಜ ಹೇಳು."

"ಹೇಳ್ತೀನಮ್ಮ. ಇನ್ನೊಂಬತ್ತು ದಿನ. ಹತ್ತನೇ ದಿನ ನಾನೇ ಅವರ ಮನೆಗೆ ಹೋಗಿ, ಸಾರ್ ನೀವು ಬದುಕಿದ್ದೀರಿ ಅಂತ ಕಾಲಿಗೆ ಬೀಳ್ತೀನಿ. ಖಾಯಂ ಆದವನು ಹೇಳಿದ್ರೆ ಒಂದು ಬೆಲೆ ಇರುತ್ತೆ."

ಆ ಲಕೋಟೆಗೆ ಚೀಟಿ ಅಂಟಿಸಿದವಳು ನಾನೇ. ಹಂಗಾಮಿಯವರ ಮನೆಯಲ್ಲಿ ಬೆಳೆದವಳು ನಾನೂ ತಾನೆ.

ಆ ದಿನ ಸಂಜೆ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಬೆಚ್ಚಲಿಲ್ಲ. "ಹಿಂದೆ ಒಬ್ಬ ರಾಜ ಇದ್ನಂತೆ. ಅವನು ಸತ್ತ ಅಂತ ಯಾರೋ ಡಂಗುರ ಹೊಡೆಸಿಬಿಟ್ರಂತೆ. ರಾಜ ಕಿಟಕಿಯಿಂದ ನೋಡಿದ. ಜನ ಎಷ್ಟು ಚೆನ್ನಾಗಿ ಅಳ್ತಿದ್ದಾರೆ, ಈಗ ಹೋಗಿ ನಾನಿದ್ದೀನಿ ಅಂದ್ರೆ ಬೇಜಾರು ಮಾಡ್ಕೋತಾರೆ ಅಂತ ಒಳಗೇ ಕೂತನಂತೆ."

"ಆಮೇಲೆ?"

"ಆಮೇಲೇನು. ಊಟಕ್ಕೆ ಯಾರೂ ಕರೀಲಿಲ್ಲ."

ಮೂವತ್ತನೇ ದಿನ ಚಿಕ್ಕಪ್ಪ ಹೊಸ ಅಂಗಿ ಹಾಕಿಕೊಂಡು ಬಂದ. ಹತ್ತಕ್ಕೆ ನಾಲ್ಕು ನಿಮಿಷ ಇತ್ತು. ಅವತ್ತು ಬಸ್ಸುಗಳು ತಡವಾಗಿದ್ದರಿಂದ ಲಿಫ್ಟಿನಲ್ಲಿ ಟೈಪಿಸ್ಟ್ ಮೇಡಂ ಮತ್ತು ನಾನು ಇಬ್ಬರೇ. ಬಾಗಿಲು ಎಳೆಯಬೇಕು, ಅಷ್ಟರಲ್ಲಿ ಒಂದು ಊರುಗೋಲು ಜಾಲರಿಯ ನಡುವೆ ತೂರಿಬಂತು. ಅದರ ಹಿಂದೆ ಬಗಲಲ್ಲಿ ಕಾಗದದ ಕಟ್ಟು ಹಿಡಿದ ಒಬ್ಬ ತೆಳ್ಳನೆಯ ಮುದುಕರು.

"ಆರನೇ ಮಹಡಿ. ಪಿಂಚಣಿ ಶಾಖೆ" ಎಂದರು ನಿರ್ದೇಶಕರು.

ಟೈಪಿಸ್ಟ್ ಮೇಡಂ ಕೂಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಮೂವತ್ತು ದಿನದ ಅಭ್ಯಾಸಬಲದಿಂದ ತಲೆ ತಗ್ಗಿಸಿದರು.

ಚಿಕ್ಕಪ್ಪ ಹಿಡಿ ತಳ್ಳಿದ. ಲಿಫ್ಟ್ ಏರತೊಡಗಿತು. ನಿರ್ದೇಶಕರು ಕನ್ನಡಕ ಒರೆಸಿ ಹಾಕಿಕೊಂಡು ಎದುರಿನ ಗೋಡೆ ನೋಡಿದರು.

"ಇದು ಯಾರು?"

"ನೀವೇ ಸಾರ್."

"ಅದು ಗೊತ್ತಾಯ್ತು. ರಿಬ್ಬನ್ ಯಾಕೆ?"

"ಚಿತ್ರ ಅಲ್ಲಾಡಬಾರ್ದು ಅಂತ ಸಾರ್."

ಮೂರನೇ ಮಹಡಿ ದಾಟಿತು. ಹತ್ತು ಗಂಟೆ. ಚಿಕ್ಕಪ್ಪ ಹಿಡಿಯನ್ನು ನಡುವೆ ಬಿಟ್ಟ.

"ಯಾಕೆ ನಿಲ್ಲಿಸ್ದೆ?" ಎಂದರು ನಿರ್ದೇಶಕರು. ದನಿಯಲ್ಲಿ ಹಳೆಯ ಅಧಿಕಾರವೆಲ್ಲ ಹಾಗೇ ಇತ್ತು.

ಟೈಪಿಸ್ಟ್ ಮೇಡಂ ತಲೆಯೆತ್ತದೆ, "ಒಂದು ನಿಮಿಷ ಸುಮ್ಮನಿರಿ ಸಾರ್. ನಿಮಗೋಸ್ಕರಾನೇ ಇದು" ಎಂದು ಬಿಕ್ಕಿದರು.

"ನನಗೆ ಏನಾಗಿದೆ? ನಿನ್ನೆ ಮನೆಗೆ ಕಾಗದ ಬಂದಿದೆ. ದಿವಂಗತ ಅಂತ ಬರ್ದಿದ್ದಾರೆ. ನನ್ನ ಹೆಂಡತಿ ಅದನ್ನ ಓದಿ, ಇದಕ್ಕೆ ಉತ್ತರ ನೀವು ಬರೀತೀರೋ ನಾನು ಬರೀಲೋ ಅಂತ ಕೇಳಿದ್ಳು. ನನ್ನನ್ನ ಸಾಯಿಸಿದ್ದು ಯಾರು ಅಂತ ಇವತ್ತು ಗೊತ್ತಾಗಬೇಕು."

ಚಿಕ್ಕಪ್ಪ ಆಗಲೇ ಫೋನು ಎತ್ತಿ ಹಿಡಿದಿದ್ದ. ಫೋನು ಹೇಳಿತು: ಒಂದಕ್ಕಿಂತ ಹೆಚ್ಚು ಮುಖಗಳು ಕಾಣುತ್ತಿವೆ.

ಅವನು ನಮ್ಮ ಕಡೆ ತಿರುಗಿದ. ಆ ಮುಖವನ್ನು ನಾನು ಮರೆಯಲಾರೆ. ಮುಳುಗುವವನು ದಡದಲ್ಲಿ ನಿಂತವರನ್ನು ನೋಡುವ ಹಾಗಿತ್ತು. "ಎಲ್ಲಾರೂ ಸ್ವಲ್ಪ ಕೂತ್ಕೊಳ್ಳಿ" ಎಂದ. ಮೇಡಂ ಕೂತರು. ನಾನು ಕೂತೆ.

"ನಾನು ನೆಲದ ಮೇಲೆ ಕೂರೋದಾ?" ಎಂದರು ನಿರ್ದೇಶಕರು.

"ಸಾರ್, ನಿಮ್ಮನ್ನ ಸಾಯಿಸಿದ್ದು ನಾನೇ. ಆಮೇಲೆ ಎಲ್ಲಾ ಹೇಳ್ತೀನಿ, ಬೇಕಾದ್ರೆ ಬರೆದೂ ಕೊಡ್ತೀನಿ. ನೀವು ಪ್ರತಿ ವರ್ಷ ನನ್ನ ಫೈಲಿನ ಮೇಲೆ ಚರ್ಚಿಸಿ ಅಂತ ಬರೀತಿದ್ರಿ. ಅದರ ಚರ್ಚೆ ಇವತ್ತು ಮುಗಿಯುತ್ತೆ. ಮೂವತ್ತನೇ ದಿನ ಸಾರ್. ಹತ್ತೂ ಐದರೊಳಗೆ ಹಾಜರಿ ಬೀಳ್ಬೇಕು. ಒಂದೇ ನಿಮಿಷ ಬಗ್ಗಿ."

ಹಾಜರಿ ಎಂಬ ಮಾತಿಗೆ ನಿರ್ದೇಶಕರ ಮುಖದಲ್ಲಿ ಏನೋ ಬದಲಾಯಿತು. ಮೂವತ್ತೈದು ವರ್ಷ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದವರು ಅವರು. ಗಡಿಯಾರ ನೋಡಿದರು. "ಹತ್ತೂ ಎರಡು" ಎಂದು, ಊರುಗೋಲು ಊರಿ, ಮಂಡಿ ಲಟಲಟ ಎನ್ನಿಸುತ್ತ, ತಮ್ಮ ಚಿತ್ರದ ಕೆಳಗೇ ಕುಕ್ಕರುಗಾಲಲ್ಲಿ ಕೂತರು.

ಫೋನು ಮುಖವನ್ನು ಒಪ್ಪಿತು. ಬಳೆ ಸುತ್ತತೊಡಗಿತು.

ಕಿಂಡಿಯ ಆಕಾಶಕ್ಕೆ ಮೋಡ ಬಂದಿತ್ತು. ಗೆರೆ ಮೂರಾಯಿತು, ಎರಡಾಯಿತು. ಬಳೆ ಸುತ್ತಿತು. ಯಾರೂ ಉಸಿರು ಬಿಡಲಿಲ್ಲ. ಆ ಲಿಫ್ಟಿನಲ್ಲಿ ಮೂವತ್ತು ದಿನದಲ್ಲಿ ನಿಜವಾದ ಮೌನ ಆಚರಿಸಿದ್ದು ಆವತ್ತೇ.

"ಬಂತಾ?" ಎಂದರು ನಿರ್ದೇಶಕರು ಕೆಳಗಿನಿಂದ.

"ಬರ್ತಾ ಇದೆ ಸಾರ್."

"ಹತ್ತೂ ನಾಲ್ಕು. ಕೈ ಇನ್ನೂ ಮೇಲಕ್ಕೆ ಹಿಡಿ. ಕಿಂಡಿ ಕಡೆಗೆ. ಆ ಕಡೆ ಅಲ್ಲಯ್ಯ, ಈ ಕಡೆ."

ಚಿಕ್ಕಪ್ಪ ತುದಿಗಾಲಲ್ಲಿ ನಿಂತ. ಆಗ ಎಲ್ಲೋ ಕೆಳಗೆ ಟಪ್ಪೆಂದು ಸದ್ದಾಗಿ ದೀಪ ಆರಿತು. ಲಿಫ್ಟ್ ಒಮ್ಮೆ ಜಗ್ಗಿ ಸುಮ್ಮನಾಯಿತು. ಕತ್ತಲಲ್ಲಿ ಕಾಣುತ್ತಿದ್ದದ್ದು ಆ ಬಳೆ ಒಂದೇ. ಅದು ಸುತ್ತಿ ಸುತ್ತಿ ಸುತ್ತಿ ನಿಂತಿತು. ಹಸಿರೂ ಬರಲಿಲ್ಲ, ಕೆಂಪೂ ಬರಲಿಲ್ಲ. ಒಂದು ಸಾಲು ಬಂತು: ನಿಮ್ಮ ಹಾಜರಿ ಪರಿಶೀಲನೆಯಲ್ಲಿದೆ.

ಅರ್ಧ ಗಂಟೆಯ ಮೇಲೆ ಕರೆಂಟು ಬಂತು. ಲಿಫ್ಟಿಗೆ ಮಾತ್ರ ಜೀವ ಬರಲಿಲ್ಲ. ನಾಲ್ಕನೇ ಮಹಡಿಯ ಬಾಗಿಲಿನಿಂದ ಏಣಿ ಇಳಿಬಿಟ್ಟು ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿದರು. ಮೊದಲು ಮೇಲೆ ಬಂದ ತಲೆ ನಿರ್ದೇಶಕರದು. ಕಾಯುತ್ತಿದ್ದ ಜನ ಏಕಕಾಲಕ್ಕೆ ಎರಡು ಹೆಜ್ಜೆ ಹಿಂದೆ ಸರಿದರು.

ನಂತರ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ, ನಿಧಾನವಾಗಿ ಹೇಳುವ ಶಕ್ತಿ ನನಗಿಲ್ಲ. ಲಿಫ್ಟಿನ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಯೇ ಈಗ ಇಲ್ಲ ಎಂದು ಎಂಜಿನಿಯರು ಬರೆದುಕೊಟ್ಟು ಹೋದರು. ಲಿಫ್ಟ್ ಮೂರೂವರೆಯಲ್ಲೇ ನಿಂತಿತು. ಸಿಬ್ಬಂದಿ ಶಾಖೆಯ ಗುಮಾಸ್ತರು ಚಿಕ್ಕಪ್ಪನ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನೀನು ಬಂದಿದ್ದೀಯ ಅಂತಲೂ ಇಲ್ಲ, ಬಂದಿಲ್ಲ ಅಂತಲೂ ಇಲ್ಲ. ಪರಿಶೀಲನೆ ಮುಗಿಯೋವರೆಗೂ ದಿನಾ ಹಾಜರಿ ಹಾಕ್ತಾ ಇರು. ಮಧ್ಯೆ ಮುರೀಬಾರ್ದು."

"ಪರಿಶೀಲನೆ ಯಾವಾಗ ಮುಗಿಯುತ್ತೆ ಸ್ವಾಮಿ?"

"ಅದನ್ನ ಕೇಳಿ ಬರೆದಿದ್ದೀವಿ. ಆ ಪತ್ರ ಪರಿಶೀಲನೆಯಲ್ಲಿದೆ."

ನಿರ್ದೇಶಕರು ಆರನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಹೋದರು. ಸೂಪರಿಂಟೆಂಡೆಂಟರು ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ಕೊಟ್ಟರು. "ಸಾರ್, ನೀವು ಬದುಕಿರೋದು ನನಗೆ ಕಾಣ್ತಾ ಇದೆ. ಆದ್ರೆ ನನಗೆ ಕಂಡು ಏನು ಪ್ರಯೋಜನ? ನಿಮ್ಮ ಮೊಬೈಲಿಂದ ಮುಖ ಕಳಿಸಿ. ಈ ಕಟ್ಟಡದೊಳಗೇ ನಿಂತು ಕಳಿಸ್ಬೇಕು. ಈಚೆಗೆ ಹಾಗೆ ಮಾಡಿದ್ದಾರೆ."

ಅವರದೂ ಹೊಸ ಫೋನು. ಅದೇ ಕಂಪನಿ. ಅಂಗಡಿಯವನು ಅವರಿಗೂ ಹೊಳೆಯ ಮಾತನ್ನೇ ಹೇಳಿದ್ದ. ಈ ಸಲ ಮನೆಯಿಂದ ಪ್ರಮಾಣಪತ್ರ ಹೋಗದೆ ಇದ್ದದ್ದು ಅದೇ ಫೋನಿನಿಂದ.

ಹಾಗಾಗಿ ಈಗ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ನಾಲ್ಕನೇ ಮಹಡಿಯಿಂದ ಏಣಿ ಇಳಿಯುತ್ತದೆ. ಮೊದಲು ಚಿಕ್ಕಪ್ಪ ಇಳಿದು ಕೆಳಗಿನಿಂದ ಏಣಿ ಹಿಡಿಯುತ್ತಾನೆ. ಆಮೇಲೆ ನಿರ್ದೇಶಕರು ಇಳಿಯುತ್ತಾರೆ, ಊರುಗೋಲನ್ನು ನಾನು ಮೇಲಿನಿಂದ ಕೊಡುತ್ತೇನೆ. ಚಿಕ್ಕಪ್ಪ ಮಾಡಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಲಿಫ್ಟಿಗೆ ಬೀಗ ಬೀಳುತ್ತದೆ, ಕಿಂಡಿ ಬೀಗದೊಳಗೆ ಸೇರುತ್ತದೆ. ಟೈಪಿಸ್ಟ್ ಮೇಡಂ ಕೂಡ ಹೇಳಲಿಲ್ಲ, ಆ ಸಾವಿನ ಸುದ್ದಿ ಹೊರಟದ್ದು ಅವರ ಬಾಯಿಂದಲೇ ತಾನೆ. ಸ್ಟೂಲು ಅವರಿಗೆ, ನೆಲ ಚಿಕ್ಕಪ್ಪನಿಗೆ. ಒಬ್ಬನ ಮುಖ ಹಿಡಿಯುವಾಗ ಇನ್ನೊಬ್ಬರು ಬಗ್ಗುತ್ತಾರೆ. ಒಬ್ಬ ತಾನು ಬಂದಿದ್ದೇನೆ ಎಂದು ಕಳಿಸುತ್ತಾನೆ, ಇನ್ನೊಬ್ಬರು ತಾವು ಇದ್ದೇವೆ ಎಂದು ಕಳಿಸುತ್ತಾರೆ.

"ಬಂತಾ ಸಾರ್?"

"ಸುತ್ತುತಾ ಇದೆ. ನಿಂದು?"

"ನಂದೂ ಸಾರ್."

ರಿಬ್ಬನ್ ಕಟ್ಟಿದ ಚಿತ್ರ ಅಲ್ಲೇ ಇದೆ. ತೆಗೆಯಬೇಕಾದರೆ ಅದಕ್ಕೊಂದು ಆದೇಶ ಬೇಕಂತೆ.

ನಿನ್ನೆ ಊರುಗೋಲು ಕೊಟ್ಟು ತಿರುಗಿದೆ. ಮೆಟ್ಟಿಲು ಹತ್ತಿ ಬರುತ್ತಿದ್ದ ಜನ ನಾಲ್ಕನೇ ಮಹಡಿಯ ತೆರೆದ ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು. ಬಗ್ಗಿ ನೋಡಿದರೆ ಕೆಳಗೆ ಎರಡು ತಲೆಗಳು, ಎರಡು ಸಣ್ಣ ಬೆಳಕುಗಳು. ಟೈಪಿಸ್ಟ್ ಮೇಡಂ ಕೈಚೀಲ ನೆಲಕ್ಕಿಟ್ಟು ತಲೆ ತಗ್ಗಿಸಿದರು. ಹಿಂದಿನವರೂ ತಗ್ಗಿಸಿದರು. ಹೊಸದಾಗಿ ಸೇರಿದ ಗುಮಾಸ್ತೆಯೊಬ್ಬಳು ಪಿಸುದನಿಯಲ್ಲಿ ಕೇಳಿದಳು.

"ಯಾರಿಗೆ ಮೇಡಂ?"

ಮೇಡಂ ತಲೆಯೆತ್ತದೆ ಕೈಗಡಿಯಾರ ನೋಡಿಕೊಂಡರು.

"ಗೊತ್ತಿಲ್ಲಮ್ಮ" ಎಂದರು. "ಹತ್ತು ಗಂಟೆ ಆಯ್ತಲ್ಲ."